ವಾಪಸ್ ಬಂದ ಇಮೇಲನ್ನು ಓದೋದು ಹೇಗೆ?

ಬೇಸಿಗೆ ರಜೆಯಲ್ಲಿ ಬೋಡಿಗೆ ಹೋಗಿದ್ದೆ. ಪೂರ್ತಿ ಹೆಸರು ಬೋಡಿನಾಯಕನೂರು. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟದ ಬುಡದಲ್ಲಿರೋ ಊರು. ಅಲ್ಲಿಂದ ಬೋಡಿಮೆಟ್ಟು ಘಾಟಿ ಹತ್ತಿದರೆ ಕೇರಳದ ಇಡುಕ್ಕಿ, ಏಲಕ್ಕಿ ತೋಟಗಳ ಸೀಮೆ. ಬೆಳೆ ಬೆಟ್ಟದ ಮೇಲೆ, ವ್ಯಾಪಾರ ಬೆಟ್ಟದ ಕೆಳಗೆ. ಸ್ಪೈಸಸ್ ಬೋರ್ಡಿನ ಏಲಕ್ಕಿ ಇ-ಹರಾಜು ಮೇಲೆ ಪುಟ್ಟಡಿಯಲ್ಲೂ ನಡೆಯುತ್ತೆ, ಕೆಳಗೆ ಬೋಡಿಯಲ್ಲೂ ನಡೆಯುತ್ತೆ. ನಮ್ಮ ಸೋದರತ್ತೆಯನ್ನು ಕೊಟ್ಟಿರೋದು ಆ ಊರಿಗೆ. ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಮನೆತನಗಳು ಬಹಳ ಇವೆ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತಮಿಳು, ಬೆಟ್ಟ ಹತ್ತಿದರೆ ಮಲಯಾಳಂ, ಇಮೇಲ್‌ನಲ್ಲಿ ಇಂಗ್ಲಿಷ್.

ಅತ್ತೆಯ ಮಗ, ಅಂದರೆ ನನ್ನ ಭಾವ, ಏಲಕ್ಕಿ ವ್ಯಾಪಾರಿ. ಕಾಯಿ ಕೊಂಡು, ಜರಡಿ ಹಿಡಿದು, ಗಾತ್ರ ಬಣ್ಣ ನೋಡಿ ವಿಂಗಡಿಸಿ ಉತ್ತರ ಭಾರತಕ್ಕೆ ಕಳಿಸ್ತಾರೆ. ನಾನು ಚೀಲ ಕೆಳಗಿಡುವ ಮೊದಲೇ ಅಂದ್ರು: "ಮೇಷ್ಟ್ರೇ, ನೀವು ಸೈನ್ಸ್ ಅಲ್ವಾ? ನಮ್ಮ ಮೇಲ್ ಹೊರಗೆ ಹೋಗ್ತಾ ಇಲ್ಲ, ಒಂದು ಕೈ ನೋಡಿ." ವಿಜ್ಞಾನದ ಮೇಷ್ಟ್ರು ಅಂದ್ರೆ ಫ್ಯಾನು, ಮಿಕ್ಸಿ, ಮೊಬೈಲು ಎಲ್ಲಾ ರಿಪೇರಿ ಮಾಡ್ತಾರೆ ಅಂತ ಬೋಡಿಯಲ್ಲೂ ನಂಬಿಕೆ ಇದೆ ನೋಡಿ.

ತಮಾಷೆ ಇರಲಿ, ಅವರ ಕಷ್ಟ ನಿಜವಾಗಿತ್ತು. ಏಲಕ್ಕಿ ದರ ಹರಾಜಿನಿಂದ ಹರಾಜಿಗೆ ಬದಲಾಗುತ್ತೆ. ಬೆಳಿಗ್ಗೆ ಹೇಳಿದ ದರ ಸಾಯಂಕಾಲಕ್ಕೆ ನಿಲ್ಲೋದಿಲ್ಲ. ದರಪಟ್ಟಿ ತಲುಪದಿದ್ದರೆ ದೆಹಲಿಯ ವ್ಯಾಪಾರಿ ಕಾಯ್ತಾ ಕೂರಲ್ಲ, ಇನ್ನೊಬ್ಬರಿಂದ ಕೊಳ್ಳುತ್ತಾನೆ. ಎರಡು ತಿಂಗಳಲ್ಲಿ ಹಾಗೆ ಕೈತಪ್ಪಿದ ಆರ್ಡರ್‌ಗಳು ಒಂದೆರಡಲ್ಲ. ಜೊತೆಗೆ "ಇವರು ಉತ್ತರಾನೇ ಕೊಡಲ್ಲ" ಅನ್ನೋ ಮಾತು ಬೇರೆ.

ನಾನು ಮೊದಲು ಕೇಳಿದ್ದು: "ವಾಪಸ್ ಬಂದ ಕಾಗದ ಎಲ್ಲಿದೆ?" ಭಾವ ಅಂದ್ರು: "ಅದು ಯಾವುದೋ ಡೀಮನ್ ಅಂತ ಬರುತ್ತೆ, ವೈರಸ್ ಇರಬೇಕು ಅಂತ ತೆರೆಯದೇ ಅಳಿಸ್ತಾ ಇದೀನಿ."

ರೋಗಿಯೇ ಲ್ಯಾಬ್ ರಿಪೋರ್ಟನ್ನು ಓದದೆ ಒಲೆಗೆ ಹಾಕಿದ ಹಾಗಾಯ್ತು. 'ಮೇಲರ್ ಡೀಮನ್' ವೈರಸ್ ಅಲ್ಲ, ಪತ್ರ ತಲುಪಿಸಲಾಗದ ಸರ್ವರ್ ನಮಗೆ ಬರೆಯುವ ವಿವರಣೆ. ಆ ಹೆಸರಿನ ಹಿಂದೆ ನಮ್ಮ ಭೌತಶಾಸ್ತ್ರವೇ ಇದೆ. ಅನಿಲದ ಅಣುಗಳನ್ನು ಬಾಗಿಲಲ್ಲಿ ನಿಂತು ವಿಂಗಡಿಸುವ ಮ್ಯಾಕ್ಸ್‌ವೆಲ್ಲನ ಭೂತ ನಿಮಗೆ ನೆನಪಿರಬೇಕು. 1963ರ ಸುಮಾರಿಗೆ ಎಮ್‌ಐಟಿಯ ಪ್ರಾಜೆಕ್ಟ್ ಮ್ಯಾಕ್‌ನಲ್ಲಿ ಕೆಲಸ ಮಾಡುತ್ತಿದ್ದವರು, ತೆರೆಮರೆಯಲ್ಲಿ ಸುಮ್ಮನೆ ದುಡಿಯುವ ಪ್ರೋಗ್ರಾಂಗಳಿಗೆ ಆ ಭೂತದ ಹೆಸರನ್ನೇ ಇಟ್ಟರು. ಅಂಚೆ ಹಂಚುವ ಭೂತವೇ ಮೇಲರ್ ಡೀಮನ್. ಅಳಿಸಿದ್ದೆಲ್ಲ ಪುಣ್ಯಕ್ಕೆ ಇನ್ನೂ ಟ್ರ್ಯಾಶ್‌ನಲ್ಲಿತ್ತು. ಹೊರಗೆ ತೆಗೆದು, ಒಂದೊಂದನ್ನೂ ನೋಟ್‌ಬುಕ್ಕಿಗೆ ಬರೆದುಕೊಂಡೆವು: ಯಾರಿಗೆ, ಯಾವ ಹೊತ್ತಿಗೆ, ಯಾವ ಸಂಖ್ಯೆ.

ಬರೆದುಕೊಳ್ಳುವಾಗಲೇ ಭಾವ ಒಂದು ಸಿದ್ಧಾಂತ ಮಂಡಿಸಿದರು. "ಮದುರೆಗೆ ಹೋಗುತ್ತೆ, ದಿಂಡಿಗಲ್ಲಿಗೆ ಹೋಗುತ್ತೆ, ದೆಹಲಿ ಕಾನ್ಪುರಕ್ಕೆ ಹೋಗಲ್ಲ. ದೂರ ಜಾಸ್ತಿ ಆದ್ರೆ ಆಗ್ತಾ ಇಲ್ಲ." ನಗಬೇಡಿ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ ಇಮೇಲ್ ನೋಡಿಕೊಳ್ಳುತ್ತಿದ್ದ ಟ್ರೇ ಹ್ಯಾರಿಸ್ ಅನ್ನೋರಿಗೆ ಅಲ್ಲಿನ ಸಂಖ್ಯಾಶಾಸ್ತ್ರ ವಿಭಾಗದಿಂದ ಇದೇ ದೂರು ಬಂದಿತ್ತಂತೆ: ನಮ್ಮ ಇಮೇಲ್ 500 ಮೈಲಿಗಿಂತ ಆಚೆ ಹೋಗಲ್ಲ ಅಂತ. 2002ರಲ್ಲಿ ಅವರು ಅದನ್ನು ಬರೆದರು. ಸರ್ವರಿನ ಸಾಫ್ಟ್‌ವೇರ್ ಬದಲಾದಾಗ 'ಎಷ್ಟು ಹೊತ್ತು ಕಾಯಬೇಕು' ಅನ್ನೋ ಸೆಟ್ಟಿಂಗ್ ಸೊನ್ನೆಯಾಗಿತ್ತು. ಆ ಯಂತ್ರದಲ್ಲಿ ಸೊನ್ನೆ ಅಂದರೆ ಸುಮಾರು 3 ಮಿಲಿಸೆಕೆಂಡ್. ಬೆಳಕು 3 ಮಿಲಿಸೆಕೆಂಡಿನಲ್ಲಿ ಹೋಗುವ ದೂರ ಸುಮಾರು 900 ಕಿಲೋಮೀಟರ್, ಅಂದರೆ 560 ಮೈಲಿ! ಹೋಗಿ ಬರೋದು ಎರಡೂ ಸೇರಿದರೆ ಅರ್ಧ ಆಗಬೇಕಲ್ವಾ ಅಂತ ನಮ್ಮ ಭೌತಶಾಸ್ತ್ರದ ಮಿತ್ರರು ಕೇಳೇ ಕೇಳ್ತೀರಿ. ಆ ಪ್ರಶ್ನೆ ಅವರಿಗೂ ಬಂದಿದೆ.

ಭಾವನ ಮಟ್ಟಿಗೆ ಮಾತ್ರ ದೂರದ ಸಿದ್ಧಾಂತ ನಿಲ್ಲಲಿಲ್ಲ. ನೋಟ್‌ಬುಕ್ಕಿನಲ್ಲಿ ಇನ್ನೊಂದು ಕಾಲಂ ಹಾಕಿ, ಯಾರ ವಿಳಾಸ ಯಾವ ಕಂಪನಿಯದು ಅಂತ ಬರೆದಾಗ ಗೊತ್ತಾಯ್ತು. ಮದುರೆ, ದಿಂಡಿಗಲ್ಲಿನ ಗಿರಾಕಿಗಳು ಸ್ವಂತ ಡೊಮೈನ್ ಇಟ್ಟುಕೊಂಡ ದೊಡ್ಡ ಅಂಗಡಿಗಳವರು. ಉತ್ತರದವರಲ್ಲಿ ಹೆಚ್ಚಿನವರದ್ದು ಜಿಮೇಲ್. ಖಾತ್ರಿಗೆ ಪಕ್ಕದ ಬೀದಿಯ ಗೆಳೆಯರೊಬ್ಬರ ಜಿಮೇಲಿಗೆ ಕಳಿಸಿ ನೋಡಿದೆವು. 200 ಮೀಟರ್ ದೂರ. ಅದೂ ವಾಪಸ್. ಎರಡು ಸಂಗತಿ ಜೊತೆಜೊತೆಯಾಗಿ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಅಲ್ಲ ಅಂತ ಮಕ್ಕಳಿಗೆ ಹೇಳೋಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಪಠ್ಯಪುಸ್ತಕದಲ್ಲಿ ಸಿಕ್ಕಿಲ್ಲ.

ಬೇಡ ಅಂದವರು ಯಾರು?

ಇಮೇಲ್ ಕಳಿಸೋದು ಅಂದರೆ ಎರಡು ಸರ್ವರ್‌ಗಳ ನಡುವೆ ನಡೆಯುವ ಸಂಭಾಷಣೆ. ಅದರ ನಿಯಮಕ್ಕೆ ಎಸ್‌ಎಮ್‌ಟಿಪಿ ಅಂತ ಹೆಸರು. ಜಾನ್ ಪೋಸ್ಟೆಲ್ 1982ರ ಆಗಸ್ಟಿನಲ್ಲಿ ಬರೆದ ದಾಖಲೆಯೇ ಅದರ ತಳಪಾಯ. ನಮ್ಮ ಸರ್ವರ್ ಬಾಗಿಲು ತಟ್ಟಿ ನಮಸ್ಕಾರ ಹೇಳುತ್ತೆ. ಪತ್ರ ಇಂಥವರಿಂದ ಅನ್ನುತ್ತೆ, ಇಂಥವರಿಗೆ ಅನ್ನುತ್ತೆ, ಆಮೇಲೆ ಪತ್ರದ ಒಡಲನ್ನು ಒಪ್ಪಿಸುತ್ತೆ. ಪ್ರತಿ ಮಾತಿಗೂ ಎದುರಿನ ಸರ್ವರ್ ಮೂರು ಅಂಕಿಯ ಉತ್ತರ ಕೊಡುತ್ತೆ. ಮೊದಲ ಅಂಕಿ 2 ಇದ್ದರೆ ಆಯ್ತು, 3 ಇದ್ದರೆ ಮುಂದೆ ಹೇಳು, 4 ಇದ್ದರೆ ಈಗ ಆಗಲ್ಲ ಆಮೇಲೆ ಬಾ, 5 ಇದ್ದರೆ ಆಗೋದೇ ಇಲ್ಲ.

4 ಮತ್ತು 5ರ ವ್ಯತ್ಯಾಸ ತಿಳಿದವರಿಗೆ ಅರ್ಧ ತಲೆನೋವು ಕಡಿಮೆ. 451 ಅಂತ ಬಂದರೆ ನಾವು ಏನೂ ಮಾಡಬೇಕಾಗಿಲ್ಲ. ನಮ್ಮ ಸರ್ವರ್ ತಾನಾಗಿ ಮತ್ತೆ ಮತ್ತೆ ಪ್ರಯತ್ನಿಸುತ್ತೆ, ಕೈಬಿಡುವ ಮೊದಲು ನಾಲ್ಕೈದು ದಿನ ಪ್ರಯತ್ನಿಸಬೇಕು ಅಂತ ನಿಯಮವೇ ಹೇಳುತ್ತೆ. ಕೆಲವು ಸರ್ವರ್‌ಗಳು ಅಪರಿಚಿತರಿಗೆ ಮೊದಲ ಸಲ ಬೇಕಂತಲೇ 4 ಹೇಳಿ ಕಳಿಸ್ತವೆ. ಸ್ಪ್ಯಾಮ್ ಕಳಿಸುವವನು ಮತ್ತೆ ಬರೋದಿಲ್ಲ, ನಿಜವಾದ ಕೆಲಸ ಇರುವವನು ಬರ್ತಾನೆ ಅನ್ನೋ ಲೆಕ್ಕಾಚಾರ. ಭಾವ ಇದು ಗೊತ್ತಿಲ್ಲದೆ ಒಂದೇ ದರಪಟ್ಟಿಯನ್ನು ಐದು ಸಲ ಕಳಿಸಿದ್ದರು. ಒಂದು ಗಂಟೆ ಬಿಟ್ಟು ಐದೂ ತಲುಪಿವೆ. ಗಿರಾಕಿ ಫೋನ್ ಮಾಡಿ "ಏನು ಅಷ್ಟು ಅರ್ಜೆಂಟು?" ಅಂದನಂತೆ.

ಮೂರಂಕಿಯ ಪಕ್ಕದಲ್ಲಿ ಚುಕ್ಕಿ ಹಾಕಿದ ಇನ್ನೊಂದು ಸಂಖ್ಯೆ ಇರುತ್ತೆ, 5.1.1 ಅನ್ನೋ ಥರ. ಅದರ ನಡುವಿನ ಅಂಕಿ ತೊಂದರೆಯ ವಿಷಯ ಹೇಳುತ್ತೆ. 1 ಅಂದರೆ ವಿಳಾಸದ್ದು, 2 ಅಂದರೆ ಪಡೆಯುವವರ ಪೆಟ್ಟಿಗೆಯದ್ದು, 3 ಅವರ ಮೇಲ್ ವ್ಯವಸ್ಥೆಯದ್ದು, 4 ದಾರಿಯದ್ದು, 7 ಭದ್ರತೆಯದ್ದು. 5.1.1 ಬಂದಿದ್ದ ಒಂದು ಪತ್ರ ತೆಗೆದು ನೋಡಿದರೆ ಗಿರಾಕಿಯ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟುಹೋಗಿತ್ತು. ಅರ್ಧ ನಿಮಿಷದ ಕೆಲಸ. 5.2.2 ಅಂದರೆ ಅವರ ಪೆಟ್ಟಿಗೆ ತುಂಬಿದೆ. ನಾವು ಇಲ್ಲಿ ತಲೆಕೆಳಗೆ ನಿಂತರೂ ಪ್ರಯೋಜನ ಇಲ್ಲ, ಫೋನ್ ಮಾಡಿ ಹೇಳಬೇಕು. ಮೇಲಿನ ಕಚೇರಿಗೆ ಕಳಿಸಿದ ಶಾಲೆಯ ಅಂಕಿಅಂಶ ವಾಪಸ್ ಬಂದು, "ನೀವು ಕಳಿಸೇ ಇಲ್ಲ" ಅಂತ ಬೈಸಿಕೊಂಡವರು ನಮ್ಮಲ್ಲೂ ಇದ್ದಾರಲ್ಲ, ಈ 5.2.2 ಇರೋ ಪ್ರತಿಯನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ಇನ್ನೊಂದು ಗುಟ್ಟು. ಕಳಿಸು ಅಂತ ಒತ್ತಿದ ತಕ್ಷಣ ನಮ್ಮ ಪರದೆಯ ಮೇಲೇ ತಪ್ಪು ತೋರಿಸಿದರೆ ಬೇಡ ಅಂದದ್ದು ನಮ್ಮದೇ ಸರ್ವರ್. 535 ಅಂದರೆ ಪಾಸ್‌ವರ್ಡ್ ಸರಿಯಿಲ್ಲ, 'ರಿಲೇ' ಅನ್ನೋ ಪದ ಇದ್ದರೆ ಲಾಗಿನ್ ಇಲ್ಲದೆ ಕಳಿಸೋಕೆ ಹೊರಟಿದ್ದೀರಿ. ಏನೂ ತೋರಿಸದೆ ಹೋಗಿ, ಸ್ವಲ್ಪ ಹೊತ್ತಿಗೆ ಡೀಮನ್ ಕಾಗದ ಬಂದರೆ ಬೇಡ ಅಂದದ್ದು ಸಾಮಾನ್ಯವಾಗಿ ಎದುರಿನವರ ಬಾಗಿಲು. ಯಾವ ಬಾಗಿಲು ಅಂತ ತಿಳಿಯದೆ ಸೆಟ್ಟಿಂಗ್ ಬದಲಿಸೋಕೆ ಹೊರಟರೆ ಸರಿ ಇದ್ದದ್ದೂ ಕೆಡುತ್ತೆ.

ಕನ್ನಡದ 'ಕ' ಎಷ್ಟು ತೂಕ?

ಎರಡು ಪತ್ರ 552 5.3.4 ಅಂತ ವಾಪಸ್ ಬಂದಿದ್ದವು. ಗಾತ್ರ ಮೀರಿದೆ ಅಂತ ಅರ್ಥ. ಭಾವನಿಗೆ ಸಿಟ್ಟು. "ಫೈಲು 20 ಎಮ್‌ಬಿ, ಅವರ ಮಿತಿ 25 ಎಮ್‌ಬಿ. ಇದು ಮೋಸ ಅಲ್ವಾ?"

ಮೋಸ ಅಲ್ಲ, ಗಣಿತ. ಇಮೇಲ್ ಹುಟ್ಟಿದ್ದು ಇಂಗ್ಲಿಷ್ ಅಕ್ಷರ ಸಾಗಿಸೋಕೆ. ಫೋಟೊ, ಪಿಡಿಎಫ್ ಥರದ್ದನ್ನು ಅದರಲ್ಲಿ ತುರುಕಬೇಕಾದರೆ ಮೊದಲು ಸಾದಾ ಅಕ್ಷರಗಳ ವೇಷ ಹಾಕಿಸಬೇಕು. ಆ ವೇಷದ ಹೆಸರು ಬೇಸ್64. ಎಂಟು ಬಿಟ್‌ನ ಮೂರು ಬೈಟ್ ತಗೊಂಡು, ಒಟ್ಟು 24 ಬಿಟ್‌ಗಳನ್ನು ಆರಾರರ ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದು ಅಕ್ಷರ ಕೊಡೋದು. ಆರು ಬಿಟ್ ಅಂದರೆ 64 ಸಾಧ್ಯತೆ, ಹೆಸರು ಬಂದದ್ದು ಅದರಿಂದ. ಮೂರು ಹೋಗಿ ನಾಲ್ಕಾಯ್ತು, ಅಂದರೆ ಮೂರನೇ ಒಂದು ಭಾಗ ಬೆಳೀತು. 20 ಎಮ್‌ಬಿ ಫೈಲು ದಾರಿಯಲ್ಲಿ ಸುಮಾರು 27 ಎಮ್‌ಬಿ.

ತರಗತಿಗೆ ಇದು ಬಹಳ ಚೆನ್ನಾಗಿ ಒಗ್ಗುತ್ತೆ. ನಮ್ಮ 'ಕ' ಅಕ್ಷರ ಯುಟಿಎಫ್-8ರಲ್ಲಿ ಸರಿಯಾಗಿ ಮೂರು ಬೈಟ್: 11100000, 10110010, 10010101. ಇದನ್ನು ಆರಾರು ಮಾಡಿ: 111000, 001011, 001010, 010101. ದಶಮಾನಕ್ಕೆ ತಂದರೆ 56, 11, 10, 21. ಬೇಸ್64 ಪಟ್ಟಿಯಲ್ಲಿ 0ಯಿಂದ 25 ಇಂಗ್ಲಿಷ್ ದೊಡ್ಡಕ್ಷರ, 26ರಿಂದ 51 ಚಿಕ್ಕಕ್ಷರ, 52ರಿಂದ 61 ಅಂಕಿಗಳು, ಕೊನೆಯ ಎರಡು ಸ್ಥಾನ ಚಿಹ್ನೆಗಳಿಗೆ. ಹಾಗಾಗಿ 56 ಅಂದರೆ ಅಂಕಿ 4, ಉಳಿದವು ದೊಡ್ಡಕ್ಷರ ಎಲ್, ಕೆ, ವಿ. ಅಂತೂ ನಮ್ಮ 'ಕ' ಅಂಚೆ ಹಾದಿಯಲ್ಲಿ 'ನಾಲ್ಕು-ಎಲ್-ಕೆ-ವಿ' ಅನ್ನೋ ವೇಷದಲ್ಲಿ ಹೋಗಬಹುದು. ಹತ್ತನೇ ತರಗತಿ ಮಕ್ಕಳಿಗೆ ತಮ್ಮ ಹೆಸರಿನ ಮೊದಲಕ್ಷರ ಹೀಗೆ ಬದಲಿಸೋಕೆ ಕೊಟ್ಟರೆ ಒಂದು ಪಿರಿಯಡ್ ಹೋಗಿದ್ದೇ ಗೊತ್ತಾಗಲ್ಲ. ಪತ್ರದ ಕೊನೆಯಲ್ಲಿ ತಮಿಳಿನಲ್ಲಿ ಅಂಗಡಿ ಹೆಸರು ಹಾಕಿದ್ದಕ್ಕೇ ವಾಪಸ್ ಬರ್ತಿದೆ ಅಂತ ಭಾವನಿಗೆ ಯಾರೋ ಹೇಳಿದ್ದರಂತೆ. ತಮಿಳಾಗಲಿ ಕನ್ನಡವಾಗಲಿ, ಹೀಗೆ ವೇಷ ಹಾಕಿಕೊಂಡ ಮೇಲೆ ಸರ್ವರ್‌ಗೆ ಎಲ್ಲಾ ಒಂದೇ.

ಪರಿಹಾರ ಸುಲಭ. ಬಿಲ್ಲನ್ನು 600 ಡಿಪಿಐನಲ್ಲಿ ಬಣ್ಣದ ಸ್ಕ್ಯಾನ್ ಮಾಡ್ತಾ ಇದ್ದರು, 150 ಡಿಪಿಐಗೆ ಇಳಿಸಿದೆವು. ಉದ್ದದಲ್ಲಿ ನಾಲ್ಕನೇ ಒಂದು, ಅಗಲದಲ್ಲೂ ನಾಲ್ಕನೇ ಒಂದು. ಚುಕ್ಕಿಗಳು ಹದಿನಾರನೇ ಒಂದಾದವು. ಅಕ್ಷರ ಚೆನ್ನಾಗೇ ಕಾಣ್ತಿತ್ತು.

ಆದರೆ ಜಿಮೇಲ್?

ಇಷ್ಟೆಲ್ಲಾ ಆದ ಮೇಲೂ ಉಳಿದದ್ದು ಜಿಮೇಲ್ ವಿಳಾಸಗಳಿಗೆ ಹೋದ ಪತ್ರಗಳು. ಎಲ್ಲದರಲ್ಲೂ 550 5.7.26. ನಡುವಿನ ಅಂಕಿ 7, ಅಂದರೆ ಭದ್ರತೆ. ಪಕ್ಕದ ಇಂಗ್ಲಿಷ್ ವಾಕ್ಯದ ಸಾರ ಇಷ್ಟೇ: ಈ ಪತ್ರ ನಿಜವಾಗಿ ನಿಮ್ಮದೇ ಅನ್ನೋದಕ್ಕೆ ಗುರುತು ಇಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1982ರ ನಿಯಮದಲ್ಲಿ ಕಳಿಸಿದವನು ಯಾರು ಅಂತ ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಆಗಿನ ಜಾಲದಲ್ಲಿ ಇದ್ದವರಲ್ಲಿ ಅನೇಕರು ವಿಶ್ವವಿದ್ಯಾಲಯ, ಸಂಶೋಧನಾಲಯದವರು. ಅಂಚೆ ಲಕೋಟೆಯ ಹಿಂದೆ ನಾನು ಯಾರ ಹೆಸರನ್ನು ಬೇಕಾದರೂ ಬರೆಯಬಹುದು, ಪೋಸ್ಟ್‌ಮ್ಯಾನ್ ಕೇಳಲ್ಲ. ಇಮೇಲೂ ಹಾಗೇ ಇತ್ತು. ಆ ಸಲುಗೆಯ ಮೇಲೆ ಕಳ್ಳರು ಬೆಳೆದರು. ಅದನ್ನು ಮುಚ್ಚೋಕೆ ಆಮೇಲೆ ಮೂರು ಬೀಗ ಸೇರಿಸಿದರು.

ಮೊದಲನೆಯದು ಎಸ್‌ಪಿಎಫ್. ನಮ್ಮ ಡೊಮೈನ್ ಹೆಸರಿನ ಸಾರ್ವಜನಿಕ ದಾಖಲೆಯಲ್ಲಿ, ಅಂದರೆ ಡಿಎನ್‌ಎಸ್‌ನಲ್ಲಿ, ನಮ್ಮ ಹೆಸರಲ್ಲಿ ಪತ್ರ ತರೋಕೆ ಯಾವ ಯಾವ ಸರ್ವರಿಗೆ ಅಧಿಕಾರ ಇದೆ ಅಂತ ಒಂದು ಸಾಲು ಬರೆದಿಡೋದು. ಅಂಗಡಿ ಬಾಗಿಲಲ್ಲಿ "ನಮ್ಮ ಪರವಾಗಿ ಹಣ ವಸೂಲಿಗೆ ಬರುವವರು ಇಂಥವರು ಮಾತ್ರ" ಅಂತ ಬೋರ್ಡ್ ಹಾಕಿದ ಹಾಗೆ. ಎರಡನೆಯದು ಡಿಕಿಮ್. ಕಳಿಸುವ ಸರ್ವರ್ ಪತ್ರದ ಸಾರಾಂಶ ಸಂಖ್ಯೆ ತೆಗೆದು, ತನ್ನಲ್ಲಿ ಮಾತ್ರ ಇರುವ ಗುಟ್ಟಿನ ಕೀಲಿಯಿಂದ ಮುದ್ರೆ ಒತ್ತುತ್ತೆ. ಆ ಮುದ್ರೆಯನ್ನು ಪರೀಕ್ಷಿಸುವ ಬಹಿರಂಗ ಕೀಲಿ ಡಿಎನ್‌ಎಸ್‌ನಲ್ಲಿ ಎಲ್ಲರಿಗೂ ಸಿಗುತ್ತೆ. ಪತ್ರದಲ್ಲಿ ಬ್ಯಾಂಕ್ ಖಾತೆಯ ಒಂದು ಅಂಕಿ ದಾರಿಯಲ್ಲಿ ಬದಲಾದರೂ ಮುದ್ರೆ ಹೊಂದೋದಿಲ್ಲ. ಅರಗು ಒಡೆದ ಚೀಲ ಅಂತ ತಿಳಿಯುತ್ತೆ. ಮೂರನೆಯದು ಡಿಮಾರ್ಕ್. ಓದುವವರ ಕಣ್ಣಿಗೆ ಕಾಣೋ ಹೆಸರು, ಮೇಲಿನ ಎರಡರಲ್ಲಿ ಒಂದರ ಹೆಸರಿನ ಜೊತೆಗಾದರೂ ಹೊಂದಬೇಕು, ಹೊಂದದಿದ್ದರೆ ಏನು ಮಾಡಬೇಕು, ಯಾರಿಗೆ ವರದಿ ಕಳಿಸಬೇಕು ಅಂತ ಡೊಮೈನ್ ಮಾಲೀಕರೇ ಹೇಳೋದು.

ಇವೆಲ್ಲ ಹತ್ತು ವರ್ಷದಿಂದ ಇದ್ದವು. ಸಣ್ಣ ವ್ಯಾಪಾರಿಗಳು ತಲೆ ಕೆಡಿಸಿಕೊಂಡಿರಲಿಲ್ಲ, ಪತ್ರ ಹೋಗ್ತಾ ಇತ್ತು. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿದವು. ಯಾರೇ ಕಳಿಸಲಿ, ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಬೇಕು. ಜಿಮೇಲಿಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ. 2025ರ ಮೇ ತಿಂಗಳಿಂದ ಮೈಕ್ರೊಸಾಫ್ಟ್ ಕೂಡ ಔಟ್‌ಲುಕ್, ಹಾಟ್‌ಮೇಲ್ ವಿಳಾಸಗಳಿಗೆ ದೊಡ್ಡ ಪ್ರಮಾಣದಲ್ಲಿ ಕಳಿಸುವವರಿಗೆ ಅಂಥದ್ದೇ ನಿಯಮ ತಂದಿದೆ.

"ನಮ್ಮಲ್ಲಿ ಎಸ್‌ಪಿಎಫ್ ಹಾಕಿದ್ದಾರಲ್ಲ, ಹುಡುಗ ಹೇಳಿದ್ದ" ಅಂದ್ರು ಭಾವ. ಮಾರ್ಚ್‌ನಲ್ಲಿ ಮೇಲ್ ವ್ಯವಸ್ಥೆಯನ್ನು ಹಳೆ ಕಂಪನಿಯಿಂದ ಹೊಸದಕ್ಕೆ ಬದಲಿಸಿದ್ದರು. ತೊಂದರೆ ಶುರುವಾದದ್ದೂ ಆಗಲೇ. ವಿಂಡೋಸ್ ಕಂಪ್ಯೂಟರಿನ ಕಮಾಂಡ್ ಕಿಟಕಿಯಲ್ಲಿ 'ಎನ್‌ಎಸ್‌ಲುಕಪ್' ಅನ್ನೋ ಆಜ್ಞೆ ಕೊಟ್ಟು, ಡೊಮೈನಿನ ಟೆಕ್ಸ್ಟ್ ದಾಖಲೆ ಕೇಳಿದರೆ ಯಾರು ಬೇಕಾದರೂ ನೋಡಬಹುದು. ನೋಡಿದೆವು. ಎಸ್‌ಪಿಎಫ್ ಇತ್ತು. ಒಂದಲ್ಲ, ಎರಡು! ಹಳೆ ಕಂಪನಿಯದ್ದು ಒಂದು ಸಾಲು, ಹೊಸ ಕಂಪನಿಯದ್ದು ಇನ್ನೊಂದು ಸಾಲು.

ಎರಡಿದ್ದರೆ ಡಬಲ್ ಗಟ್ಟಿ ಅಂತ ನಾವು ಅಂದುಕೊಳ್ತೀವಿ. ನಿಯಮ ಬೇರೆ ಹೇಳುತ್ತೆ. ಒಂದು ಡೊಮೈನಿಗೆ ಒಂದೇ ಎಸ್‌ಪಿಎಫ್ ಸಾಲು ಇರಬೇಕು, ಎರಡು ಕಂಡರೆ ಯಾವುದನ್ನೂ ನಂಬದೆ ತಪ್ಪು ಅಂತ ನಿಲ್ಲಿಸಬೇಕು. ಒಂದೇ ಮಗುವಿಗೆ ಎರಡು ಜನ್ಮ ದಿನಾಂಕದ ದಾಖಲೆ ತಂದರೆ ನಾವು ಯಾವುದನ್ನೂ ರಿಜಿಸ್ಟರಿಗೆ ಏರಿಸೋದಿಲ್ಲವಲ್ಲ, ಹಾಗೆ. ಡಿಕಿಮ್ ಹಾಕಿಯೇ ಇರಲಿಲ್ಲ. ಹಾಗಾಗಿ ಜಿಮೇಲಿನ ಕಣ್ಣಲ್ಲಿ ಭಾವನ ಅಂಗಡಿಗೆ ಒಂದು ಗುರುತೂ ಇಲ್ಲ.

ಬೆಳಿಗ್ಗೆ 11 ಗಂಟೆಗೆ ಕೊನೆಯ ಸಲ ಪರೀಕ್ಷೆಗೆ ಒಂದು ಪತ್ರ ಕಳಿಸಿ, ವಾಪಸ್ ಬಂದದ್ದನ್ನು ಬರೆದುಕೊಂಡೆವು. 11:30ಕ್ಕೆ ಎರಡು ಸಾಲನ್ನು ಒಂದು ಮಾಡಿದೆವು. ಹಳೆಯದನ್ನು ಪೂರ್ತಿ ತೆಗೆಯಲಿಲ್ಲ, ಯಾಕಂದ್ರೆ ಅವರ ವೆಬ್‌ಸೈಟ್ ಇನ್ನೂ ಹಳೆ ಜಾಗದಲ್ಲೇ ಇದೆ, ಅಲ್ಲಿನ ವಿಚಾರಣೆ ಫಾರ್ಮಿನಿಂದಲೂ ಪತ್ರ ಹೊರಡುತ್ತೆ. ಡಿಕಿಮ್ ಮುಟ್ಟಲಿಲ್ಲ, ಒಂದು ಸಲಕ್ಕೆ ಒಂದೇ ಬದಲಾವಣೆ. 12 ಗಂಟೆಗೆ ಮತ್ತೆ ಕಳಿಸಿದೆವು. ಮತ್ತೆ 550.

ಭಾವನ ಮುಖ ಸಣ್ಣದಾಯ್ತು. "ಹಿಂದಕ್ಕೆ ಹಾಕಿಬಿಡಿ ಮೇಷ್ಟ್ರೇ, ಇದೂ ಅಲ್ಲ" ಅಂದ್ರು. ನನಗೂ ಒಂದು ಕ್ಷಣ ಕೈ ನಡುಗಿತು. ಆಗ ದಾಖಲೆಯ ಪಕ್ಕದಲ್ಲಿದ್ದ 14400 ಅನ್ನೋ ಸಂಖ್ಯೆ ಕಣ್ಣಿಗೆ ಬಿತ್ತು. ಅದು ಟಿಟಿಎಲ್, ಸೆಕೆಂಡುಗಳಲ್ಲಿ. ನಮ್ಮ ದಾಖಲೆಯನ್ನು ಓದಿದವರು ಇಷ್ಟು ಹೊತ್ತು ಅದರ ನಕಲನ್ನೇ ಇಟ್ಟುಕೊಂಡು ಬಳಸಬಹುದು ಅಂತ. 14400 ಭಾಗಿಸು 3600, ನಾಲ್ಕು ಗಂಟೆ. ನಾವೇ 11 ಗಂಟೆಗೆ ಪರೀಕ್ಷೆಗೆ ಪತ್ರ ಕಳಿಸಿ, ಎದುರಿನವರ ಹತ್ತಿರ ಹಳೆ ದಾಖಲೆಯ ತಾಜಾ ನಕಲು ಕೂರುವ ಹಾಗೆ ಮಾಡಿದ್ದೆವು! ಅಳೆಯೋಕೆ ಹೋಗಿ ಅಳೆಯೋ ವಸ್ತುವನ್ನೇ ಕೆದಕಿದ ಹಾಗೆ. 3 ಗಂಟೆವರೆಗೆ ಏನೂ ಮುಟ್ಟಬಾರದು ಅಂತ ಹೇಳಿ, ಅತ್ತೆ ಬಡಿಸಿದ ಊಟ ಮಾಡಿ, ಗೋದಾಮಿನಲ್ಲಿ ಏಲಕ್ಕಿ ಆರಿಸುವುದನ್ನು ನೋಡ್ತಾ ಕೂತೆ. 3:10ಕ್ಕೆ ಕಳಿಸಿದ್ದು ಹೋಯ್ತು. ಪಕ್ಕದ ಬೀದಿಯ ಗೆಳೆಯರು ತಮ್ಮ ಜಿಮೇಲಿನಲ್ಲಿ 'ಶೋ ಒರಿಜಿನಲ್' ಒತ್ತಿ, ಎಸ್‌ಪಿಎಫ್ ಎದುರು 'ಪಾಸ್' ಅಂತ ಇರೋದರ ಫೋಟೊ ಕಳಿಸಿದರು. ಪರೀಕ್ಷೆ ಫಲಿತಾಂಶದ ದಿನ ನಮ್ಮ ಮಕ್ಕಳು ಕುಣಿಯೋದು ನೋಡಿದ್ದೀನಿ. ಭಾವ ಅಷ್ಟು ಕುಣಿಯಲಿಲ್ಲ, ಸ್ವಲ್ಪ ಕಡಿಮೆ.

ಮಾರನೇ ದಿನ ಡಿಕಿಮ್ ಹಾಕಿದೆವು. ಎಸ್‌ಪಿಎಫ್ ಒಂದೇ ಸಾಕಾಗಲ್ಲ, ಯಾಕಂದ್ರೆ ಗಿರಾಕಿ ನಮ್ಮ ಪತ್ರವನ್ನು ತಾನಾಗಿ ಇನ್ನೊಂದು ವಿಳಾಸಕ್ಕೆ ದಾಟಿಸುವ ಏರ್ಪಾಡು ಮಾಡಿಕೊಂಡಿದ್ದರೆ, ಅದನ್ನು ತಲುಪಿಸುವ ಸರ್ವರ್ ನಮ್ಮ ಪಟ್ಟಿಯಲ್ಲಿ ಇರೋದಿಲ್ಲ. ಮುದ್ರೆಯಾದರೆ ಪತ್ರದ ಜೊತೆಗೇ ಹೋಗುತ್ತೆ. ಡಿಎನ್‌ಎಸ್‌ನ ಟೆಕ್ಸ್ಟ್ ದಾಖಲೆಯಲ್ಲಿ ಒಂದು ತುಂಡು 255 ಅಕ್ಷರ ಮೀರೋ ಹಾಗಿಲ್ಲ, 2048 ಬಿಟ್‌ನ ಕೀಲಿ ಅದಕ್ಕಿಂತ ಉದ್ದ. ತುಂಡು ಮಾಡಿ ಅಂಟಿಸುವಾಗ ನಾನು ಕೊನೆಯ ಕೆಲವು ಅಕ್ಷರ ನುಂಗಿಬಿಟ್ಟೆ. ಅರ್ಧ ದಿನ ಅದರಲ್ಲೇ ಹೋಯ್ತು. ಅದು ನನ್ನದೇ ತಪ್ಪು.

ವಾಪಸ್ ಬರಲು ಇನ್ನೊಂದು ಕಾರಣವೂ ಇರಬಹುದು, ಭಾವನಿಗೆ ಆಗಿರಲಿಲ್ಲ. ಅಗ್ಗದ ಹೋಸ್ಟಿಂಗ್‌ನಲ್ಲಿ ಒಂದೇ ಐಪಿ ವಿಳಾಸವನ್ನು ನೂರಾರು ಜನ ಹಂಚಿಕೊಂಡಿರ್ತಾರೆ. ಅವರಲ್ಲಿ ಒಬ್ಬ ಸ್ಪ್ಯಾಮ್ ಕಳಿಸಿದರೂ ಆ ಐಪಿ ಸ್ಪ್ಯಾಮ್‌ಹೌಸ್ ಥರದ ಕಪ್ಪುಪಟ್ಟಿ ಸೇರುತ್ತೆ, ಎಲ್ಲರ ಪತ್ರವೂ ವಾಪಸ್ ಬರುತ್ತೆ. ಡೀಮನ್ ಕಾಗದದಲ್ಲಿ ಪಟ್ಟಿಯ ಹೆಸರು ಸಾಮಾನ್ಯವಾಗಿ ಇದ್ದೇ ಇರುತ್ತೆ. ಆಗ ಹೋಸ್ಟಿಂಗ್ ಕಂಪನಿಗೆ ಆ ಕಾಗದದ ಸಮೇತ ಬರೆಯಬೇಕು.

ಇನ್ನು ಭಾವ ಮಾಡಿಕೊಂಡಿದ್ದ ಅಡ್ಡದಾರಿಯ ವಿಷಯ. ಅಂಗಡಿ ಮೇಲ್ ಹೋಗ್ತಿಲ್ಲ ಅಂತ ತಮ್ಮ ಖಾಸಗಿ ಜಿಮೇಲಿನಿಂದ ಬಿಲ್ಲು, ಬ್ಯಾಂಕ್ ಖಾತೆ ನಂಬರ್ ಕಳಿಸೋಕೆ ಶುರು ಮಾಡಿದ್ದರು. ಹೋಗಿ ತಲುಪಿತು, ನಿಜ. ಆದರೆ ಒಬ್ಬ ಗಿರಾಕಿಯ ಲೆಕ್ಕಿಗರು ಹಣ ಹಾಕಲಿಲ್ಲ. "ಬೇರೆ ವಿಳಾಸದಿಂದ ಬಂದ ಖಾತೆ ನಂಬರಿಗೆ ಹಣ ಹಾಕಲ್ಲ, ಮಾಲೀಕರೇ ಫೋನಿನಲ್ಲಿ ಮಾತಾಡಲಿ" ಅಂದರಂತೆ. ಭಾವನಿಗೆ ಅವಮಾನ ಆಗಿತ್ತು, ನನ್ನ ಹತ್ತಿರವೂ ಬಹಳ ಬೈದರು. ನಾನಂತೂ ಆ ಲೆಕ್ಕಿಗರ ಪರ. ವ್ಯಾಪಾರಿಯ ಹೆಸರಲ್ಲಿ "ನಮ್ಮ ಖಾತೆ ಬದಲಾಗಿದೆ, ಇನ್ನು ಮುಂದೆ ಇಲ್ಲಿಗೆ ಹಾಕಿ" ಅಂತ ನಕಲಿ ಇಮೇಲ್ ಕಳಿಸಿ ಹಣ ಹೊಡೆಯುವ ದಂಧೆ ಜಗತ್ತಿನ ದೊಡ್ಡ ಸೈಬರ್ ವಂಚನೆಗಳಲ್ಲಿ ಒಂದು. ಅಮೆರಿಕದ ಎಫ್‌ಬಿಐಗೆ 2023ರಲ್ಲಿ ಬಂದ ದೂರುಗಳ ಪ್ರಕಾರವೇ ಇಂಥ ವಂಚನೆಯಲ್ಲಿ ಹೋದ ಹಣ 290 ಕೋಟಿ ಡಾಲರಿಗೂ ಹೆಚ್ಚು. ನಮ್ಮಲ್ಲಿ ಯಾರಿಗಾದರೂ ಹೀಗಾದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಹಣ ಕೈ ದಾಟುವ ಮೊದಲು ತಡೆಯೋಕೆ ಮೊದಲ ಕೆಲವು ಗಂಟೆಗಳೇ ಮುಖ್ಯ.

ನಾನು ಇದನ್ನು ಹೇಳಿದಾಗ ಭಾವ "ನಮ್ಮಂಥ ಸಣ್ಣ ಅಂಗಡಿ ಹೆಸರನ್ನ ಯಾರು ಕದೀತಾರೆ ಮೇಷ್ಟ್ರೇ" ಅಂತ ನಕ್ಕಿದ್ದರು. ಟ್ರ್ಯಾಶ್‌ನಿಂದ ತೆಗೆದ ಕಾಗದಗಳಲ್ಲಿ ಮೂರು ಮಾತ್ರ ನಮ್ಮ ನೋಟ್‌ಬುಕ್ಕಿನ ಯಾವ ಸಾಲಿಗೂ ಹೊಂದಿರಲಿಲ್ಲ. ಭಾವ ಕಳಿಸಿಯೇ ಇರದ ಪತ್ರಗಳು, ಗೊತ್ತೇ ಇಲ್ಲದ ವಿಳಾಸಗಳಿಂದ ವಾಪಸ್ ಬಂದಿದ್ದವು. ಅವುಗಳನ್ನು ಪಕ್ಕಕ್ಕೆ ಇಟ್ಟಿದ್ದೆವು. ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಹಾಕಿ, ಡಿಮಾರ್ಕ್ ಸಾಲನ್ನೂ ಬರೆದು ಬಂದೆ. ಸದ್ಯಕ್ಕೆ ಏನನ್ನೂ ತಡೀಬೇಡ, ವರದಿ ಮಾತ್ರ ಕಳಿಸು ಅನ್ನೋ ಮಟ್ಟದಲ್ಲಿ.

ಒಂದು ವಾರ ಬಿಟ್ಟು ಭಾವ ವರದಿಗಳನ್ನು ನನಗೆ ದಾಟಿಸಿದರು. ಓದೋಕೆ ಹಿತವಾದ ರೂಪದಲ್ಲಿ ಇರಲ್ಲ, ಜಿಪ್ ಬಿಚ್ಚಿ ಸಾಲು ಸಾಲು ಹುಡುಕಬೇಕು. ಅವರ ಡೊಮೈನ್ ಹೆಸರಲ್ಲಿ ಪತ್ರ ಹೊರಟ ಜಾಗಗಳು ಮೂರು. ಹೊಸ ಕಂಪನಿಯ ಸರ್ವರ್, ಎಸ್‌ಪಿಎಫ್ ಡಿಕಿಮ್ ಎರಡೂ ಪಾಸ್. ವೆಬ್‌ಸೈಟ್ ಇರೋ ಹಳೆ ಸರ್ವರ್, ಎಸ್‌ಪಿಎಫ್ ಮಾತ್ರ ಪಾಸ್. ಮೂರನೆಯದು ಇಬ್ಬರಿಗೂ ಗೊತ್ತಿಲ್ಲದ ಒಂದು ಐಪಿ, ಎರಡೂ ಫೇಲ್. ಫೋನಿನಲ್ಲಿ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಆ ಲೆಕ್ಕಿಗರ ನಂಬರ್ ಹುಡುಕ್ತೀನಿ ಅಂದ್ರು. ಡಿಮಾರ್ಕ್ ಸಾಲಿನಲ್ಲಿ ಹೊಂದದ ಪತ್ರಗಳನ್ನು ಸ್ಪ್ಯಾಮಿಗೆ ತಳ್ಳು ಅಂತ ಈ ತಿಂಗಳು ಬದಲಿಸಿದ್ದೀವಿ. ಇನ್ನೆರಡು ವಾರದ ವರದಿ ನೋಡಿಕೊಂಡು, ನಮ್ಮದು ಯಾವುದೂ ಸಿಕ್ಕಿಹಾಕಿಕೊಂಡಿಲ್ಲ ಅಂತಾದರೆ, ಪೂರ್ತಿ ತಿರಸ್ಕರಿಸು ಅಂತ ಮಾಡ್ತೀವಿ.